ಸಿಳ್ಳೆ ಹಾಕದ ಪೈಪು

ರೊಸೇರ್ ಪೆಲ್ಟಿಯೇಯನ್ನು ನಾನು ಮೊದಲು ಕಂಡದ್ದು ಸೇಂಟ್ ಒಡೀಲ್ ಶಾಲೆಗೆ ಮೇಷ್ಟರಾಗಿ ಬಂದ ವರ್ಷದ ಅಕ್ಟೋಬರಿನಲ್ಲಿ. ಶನಿವಾರ ಬೆಳಗ್ಗೆ ಮಕ್ಕಳ ಪ್ರಬಂಧಗಳನ್ನು ತಿದ್ದುತ್ತ ಕುಳಿತಿದ್ದೆ. ಇದ್ದಕ್ಕಿದ್ದಂತೆ ನೆಲಮಾಳಿಗೆಯಿಂದ ಉದ್ದನೆಯ ಸಿಳ್ಳೆಯೊಂದು ಎದ್ದಿತು. ಬಾಯ್ಲರ್ ಸಿಡಿಯುತ್ತಿದೆಯೆಂದು ಹೆದರಿ, ಕಾಲಿಗೆ ಬೂಟು ಕೂಡ ಹಾಕಿಕೊಳ್ಳದೆ ಹೊರಗೆ ಓಡಿದೆ. ಅಂಗಳದಲ್ಲಿ ಹಸಿರು ಬಣ್ಣದ ಟ್ಯಾಂಕರ್ ನಿಂತಿತ್ತು. ಅಗಲ ಭುಜದ ಗಿಡ್ಡ ಮನುಷ್ಯನೊಬ್ಬ ನನ್ನ ಮನೆಯ ಗೋಡೆಯ ಪೈಪಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ತಲೆಯನ್ನು ಒಂದು ಕಡೆಗೆ ವಾಲಿಸಿ, ಹಾಡು ಕೇಳುವವನಂತೆ ನಿಂತಿದ್ದ.

"ಓಡಬೇಡಿ ಮೇಷ್ಟ್ರೇ," ಎಂದ. "ಸಿಳ್ಳೆ ಕೇಳ್ತಿರೋವರೆಗೂ ಏನೂ ಭಯ ಇಲ್ಲ. ಎಣ್ಣೆ ಒಳಗೆ ಹೋಗ್ತಿದೆ, ಗಾಳಿ ಹೊರಗೆ ಬರ್ತಿದೆ. ಸಿಳ್ಳೆ ನಿಂತ್ರೆ ಟ್ಯಾಂಕು ತುಂಬ್ತು ಅಂತ ಅರ್ಥ."

"ಸಿಳ್ಳೆ ಶುರುವೇ ಆಗದಿದ್ರೆ?"

"ಆಗ ನಿಮ್ಮ ಜೊತೆ ನಾನೂ ಓಡ್ತೀನಿ," ಎಂದು ನಕ್ಕ. ನನ್ನ ಬರಿಗಾಲನ್ನು ನೋಡಿ, "ಇವತ್ತಲ್ಲ, ಒಳಗೆ ಹೋಗಿ," ಎಂದ.

ಅದಾಗಿ ಇಪ್ಪತ್ತೇಳು ವರ್ಷಗಳಾದವು. ನಮ್ಮ ಹೊಳೆಯ ದಂಡೆಯಲ್ಲಿ ಆರು ತಿಂಗಳು ಚಳಿ. ಮನೆ ಕಾಯಿಸುವ ಎಣ್ಣೆ ತರುವವನನ್ನು ಯಾರೂ ಕರೆಯಬೇಕಾಗಿರಲಿಲ್ಲ. ಚಳಿ ಎಷ್ಟು ದಿನ ಎಷ್ಟು ಬಿದ್ದಿದೆ ಎಂದು ಲೆಕ್ಕ ಹಾಕಿ, ಯಾವ ಮನೆಯ ಟ್ಯಾಂಕು ಎಂದು ಬರಿದಾಗುತ್ತದೆಂದು ಕಂಪನಿಯೇ ಪಟ್ಟಿ ಮಾಡುತ್ತಿತ್ತು. ರೊಸೇರ್ ಆ ಪಟ್ಟಿ ಹಿಡಿದು ಮನೆಯಿಂದ ಮನೆಗೆ ಹೋಗುತ್ತಿದ್ದ. ಕೊಳವೆ ಸುತ್ತಿಟ್ಟ ಮೇಲೆ ಅಡುಗೆಮನೆಯ ಬಾಗಿಲು ತೆರೆಯುತ್ತಿತ್ತು, ಒಂದು ಲೋಟ ಕಾಫಿ ಬರುತ್ತಿತ್ತು. ಯಾರ ಮಗುವಿಗೆ ಹಲ್ಲು ಬಂತು, ಯಾರ ಹಸು ಕರು ಹಾಕಿತು ಎಂಬುದೆಲ್ಲ ಅವನಿಗೆ ಪಾದ್ರಿಗಿಂತ ಮೊದಲೇ ತಿಳಿಯುತ್ತಿತ್ತು. ಅವನು ಬರುವುದಕ್ಕೆ ಮೊದಲೇ ಅವನ ಎಣ್ಣೆಯ ವಾಸನೆ ಬರುತ್ತಿತ್ತು. ಆ ವಾಸನೆ ಅವನಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ. "ನನ್ನ ಮೂಗು ಯಾವತ್ತೋ ಸತ್ತುಹೋಯ್ತು ಮೇಷ್ಟ್ರೇ," ಎನ್ನುತ್ತಿದ್ದ.

ಅವನಿಗೆ ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಮುಚ್ಚಿದ ಗ್ಯಾರೇಜೊಂದರ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬನೇ ಇದ್ದ. ನಾಲ್ಕುನೂರು ಅಡುಗೆಮನೆಗಳನ್ನು ಬಲ್ಲ ಅವನು ಭಾನುವಾರ ಅದೇ ಮನೆಗಳ ಮುಂದೆ ನಡೆದು ಹೋಗುವಾಗ ಕೈಯೆತ್ತಿ ಮುಂದಕ್ಕೆ ಸಾಗುತ್ತಿದ್ದ. ಒಳಗೆ ಕಾಲಿಡುತ್ತಿರಲಿಲ್ಲ. ಕೈಯಲ್ಲಿ ಕೊಳವೆಯಿಲ್ಲದೆ ಒಬ್ಬರ ಬಾಗಿಲು ತಟ್ಟುವುದು ಅವನಿಗೆ ತಿಳಿಯದು. ಒಮ್ಮೆ ಕ್ರಿಸ್ಮಸ್ ಊಟಕ್ಕೆ ಬಾ ಎಂದು ನಾನು ಕರೆದಾಗ ಅವನು ಗಾಬರಿಯಿಂದ, "ಯಾಕೆ ಮೇಷ್ಟ್ರೇ, ಟ್ಯಾಂಕು ಖಾಲಿ ಆಯ್ತಾ?" ಎಂದು ಕೇಳಿದ್ದ. ಅವನು ಬರಲಿಲ್ಲ.

ಈ ನಾಲ್ಕುನೂರರಲ್ಲಿ ಅವನು ಕೋಟು ಬಿಚ್ಚಿ ಕೂರುತ್ತಿದ್ದ ಅಡುಗೆಮನೆ ಒಂದೇ. ಅದು ಲೋರೆಟ್ ಡೇಗಲ್‌ಳದು. ನಮ್ಮ ಶಾಲೆಯ ಅಡುಗೆಯಾಕೆ. ಗಂಡ ಸತ್ತು ಬಹಳ ವರ್ಷಗಳಾಗಿದ್ದವು. ಆಕೆಯ ಮನೆಯ ಪಾಳಿ ಗುರುವಾರ ಸಂಜೆ ಬರುತ್ತಿತ್ತು. ಅಂದು ಆಕೆ ಹಿಟ್ಟು ಕಲಸಿ, ಒಂದೇ ಮಗ್ಗುಲು ಬೇಯಿಸಿ, ತೂತುತೂತಾದ ಪ್ಲೊಯ್ ಎಂಬ ದೋಸೆಗಳನ್ನು ತಟ್ಟೆಯ ಮೇಲೆ ಪೇರಿಸಿಡುತ್ತಿದ್ದಳು.

"ತಿನ್ನೋದು ಆರು, ಮಾತಾಡೋದು ಮೂರು," ಎಂದು ಆಕೆ ಛೇಡಿಸುತ್ತಿದ್ದಳು. "ಬಾಯಿಗೂ ಒಂದು ಸಿಳ್ಳೆ ಇಡಿಸ್ಕೊ ಮಹರಾಯ. ತುಂಬ್ತು ಅಂತ ನನಗಾದ್ರೂ ಗೊತ್ತಾಗ್ಲಿ."

"ಇನ್ನೂ ತುಂಬಿಲ್ಲ, ಹಾಕಿ," ಎನ್ನುತ್ತಿದ್ದ ಅವನು.

ಹತ್ತೊಂಬತ್ತು ವರ್ಷ ಹೀಗೆ ನಡೆಯಿತು. ಅದಕ್ಕಿಂತ ಹೆಚ್ಚಿನದೇನನ್ನೂ ಇಬ್ಬರೂ ಕೇಳಲಿಲ್ಲ.

ಆಮೇಲೆ ಎಣ್ಣೆಯ ಬೆಲೆ ಏರಿದ ವರ್ಷ ಬಂತು. ಒಂದೇ ವರ್ಷದಲ್ಲಿ ಎರಡು ಪಟ್ಟಾಯಿತು, ಅಲ್ಲಿಗೂ ನಿಲ್ಲಲಿಲ್ಲ. ನಮ್ಮೂರಿನವರು ಚಳಿಗೆ ಹೊಸಬರಲ್ಲ. ಆದರೆ ಚಳಿಗಾಲ ಬರುವ ಮೊದಲೇ ಮನೆಗಳು ಚಿಕ್ಕವಾಗುವುದನ್ನು ನಾನು ಆ ವರ್ಷವೇ ಕಂಡದ್ದು. ಮೊದಲು ಮಹಡಿಯ ಕೋಣೆಗಳ ಬಾಗಿಲು ಮುಚ್ಚಿದವು. ಆಮೇಲೆ ನಡುಮನೆ. ಬಾಗಿಲಿಲ್ಲದ ಕಡೆ ಕಂಬಳಿಗೆ ಮೊಳೆ ಹೊಡೆದರು. ಚಳಿಗಾಳಿ ನುಗ್ಗದಂತೆ ಗೋಡೆಯ ಬುಡಕ್ಕೆ ಅಜ್ಜಂದಿರ ಕಾಲದಂತೆ ದೇವದಾರಿನ ಸೊಪ್ಪು ಒಟ್ಟಿದರು. ಇಡೀ ಸಂಸಾರ ಅಡುಗೆಮನೆಗೆ ಬಂದು ಮಲಗಿತು. ಇಗರ್ಜಿಯ ಹಿಂದೆ ಸೌದೆಯ ರಾಶಿ ಬಿತ್ತು: ಇದ್ದವರು ತಂದು ಹಾಕುವುದು, ಇಲ್ಲದವರು ಒಯ್ಯುವುದು, ಯಾರು ಯಾವುದನ್ನು ಮಾಡಿದರೆಂದು ಯಾರೂ ನೋಡದಿರುವುದು. ಕೆಲವರು ಪೆಟ್ರೋಲ್ ಬಂಕಿನಿಂದ ಐದು ಗ್ಯಾಲನ್ನಿನ ಡಬ್ಬದಲ್ಲಿ ಡೀಸೆಲ್ ತಂದು ಟ್ಯಾಂಕಿಗೆ ಸುರಿದು ಎರಡು ದಿನ ದೂಡುತ್ತಿದ್ದರು.

ಪಟ್ಟಿಯಿಂದ ಹೆಸರುಗಳು ಒಂದೊಂದಾಗಿ ಅಳಿಸಿಹೋದವು. ಉಳಿದವರು "ತುಂಬಿಸು" ಎನ್ನುವುದನ್ನು ಬಿಟ್ಟು "ನೂರು ಗ್ಯಾಲನ್ ಹಾಕು, ಸಾಕು" ಎಂದರು. ಅದಕ್ಕಿಂತ ಕಡಿಮೆ ಕಂಪನಿ ಕೊಡುತ್ತಿರಲಿಲ್ಲ. ಸಿಳ್ಳೆ ಇನ್ನೂ ಕೂಗುತ್ತಿರುವಾಗಲೇ ರೊಸೇರ್ ಕೊಳವೆ ಮುಚ್ಚಬೇಕಾಗುತ್ತಿತ್ತು.

"ಹಾಡ್ತಿರೋರ ಬಾಯಿ ಮುಚ್ಚಿದ ಹಾಗಾಗುತ್ತೆ ಮೇಷ್ಟ್ರೇ," ಎಂದು ಒಮ್ಮೆ ಹೇಳಿದ. "ಜನಾನೂ ಹೊರಗೆ ಬರಲ್ಲ. ನನ್ನ ಲಾರಿ ಕಂಡ್ರೆ ಪರದೆ ಎಳೀತಾರೆ. ಬೆಲೆ ನಾನೇ ಏರ್ಸಿದ್ನೇನೋ ಅನ್ನೋ ಹಾಗೆ."

"ನಾಚಿಕೆ ಕಣೋ. ಕಾಫಿಗೆ ಕರೆದ್ರೆ ಅಡುಗೆಮನೇಲಿ ಹಾಸಿಗೆ ಕಾಣ್ಸುತ್ತೆ," ಎಂದೆ.

"ಇರಬಹುದು," ಎಂದ. ಆದರೂ ಅವನಿಗೆ ಸಮಾಧಾನವಾದಂತೆ ತೋರಲಿಲ್ಲ.

ಅಕ್ಟೋಬರಿನ ಪಟ್ಟಿಯಲ್ಲಿ ಲೋರೆಟಳ ಹೆಸರೂ ಇರಲಿಲ್ಲ. ನವೆಂಬರಿನಲ್ಲೂ ಇರಲಿಲ್ಲ. ಅವನು ಯಾರನ್ನೂ ಕೇಳಲಿಲ್ಲ. ಆಕೆಯ ಕೈಯಲ್ಲಿ ಹಣವಿಲ್ಲ, ಹೇಳಿಕೊಳ್ಳಲು ನಾಚಿಕೆ, ಚಳಿಯಲ್ಲಿ ಒಬ್ಬಳೇ ಕೂತಿದ್ದಾಳೆ ಎಂದು ತನ್ನಷ್ಟಕ್ಕೆ ತೀರ್ಮಾನಿಸಿಕೊಂಡ. ಬಾಗಿಲು ತಟ್ಟಿ ಕೇಳಿದ್ದರೆ ಒಂದು ನಿಮಿಷದ ಮಾತು. ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ಮನೆಯ ಬಾಗಿಲನ್ನು ಅವನು ಹೇಗೆ ತಟ್ಟಿಯಾನು? ಲಾರಿ ನಿಧಾನ ಮಾಡಿ, ಗೋಡೆಯ ಪೈಪನ್ನು ನೋಡಿ, ಮುಂದೆ ಹೋಗುತ್ತಿದ್ದ.

ಡಿಸೆಂಬರ್ ಎರಡನೆಯ ಗುರುವಾರ ನಾನು ಶಾಲೆಗೆ ರಜೆ ಹಾಕಿ ಲೋರೆಟಳನ್ನು ಕಾರಿನಲ್ಲಿ ಪೇಟೆಯ ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದಿದ್ದೆ. ಹಿಂದಿನ ದಿನ ಅಂಚೆಮನೆಯಲ್ಲಿ ಈ ವಿಷಯವನ್ನು ರೊಸೇರ್‌ಗೆ ಹೇಳಿದವನೂ ನಾನೇ. ಮಧ್ಯಾಹ್ನ ಹಿಂದಿರುಗಿದಾಗ ಹಸಿರು ಲಾರಿ ಆಕೆಯ ಅಂಗಳದಲ್ಲಿತ್ತು. ರೊಸೇರ್ ನೆಲಮಾಳಿಗೆಯ ಬಾಗಿಲ ಮುಂದೆ ಹಿಮದಲ್ಲಿ ಮೊಣಕಾಲೂರಿ ಎಣ್ಣೆ ಹೀರುವ ಮರದ ಹೊಟ್ಟಿನ ಚೀಲವನ್ನು ಬಿಚ್ಚುತ್ತಿದ್ದ. ಕಾರಿನ ಗಾಜು ಇಳಿಸುವ ಮೊದಲೇ ವಾಸನೆ ಒಳಗೆ ಬಂತು.

"ಸಿಳ್ಳೆ ಬರ್ಲಿಲ್ಲ," ಎಂದ. ನಮ್ಮಿಬ್ಬರಲ್ಲಿ ಯಾರಿಗೆ ಹೇಳುತ್ತಿದ್ದಾನೆಂದು ತಿಳಿಯುವಂತಿರಲಿಲ್ಲ. "ಗಾಳಿ ಜೋರಿತ್ತು. ನನಗೇ ಕೇಳಿಸ್ತಿಲ್ವೇನೋ ಅಂತ ಹತ್ತು ಎಣಿಸೋವರೆಗೂ ಕಾದೆ. ಬರ್ಲೇ ಇಲ್ಲ."

"ಟ್ಯಾಂಕೇ ಇಲ್ವಲ್ಲೋ ಮಹರಾಯ!" ಎಂದಳು ಲೋರೆಟ್. "ಹೋದ ಬಿಲ್ಲು ನೋಡಿದಾಗ್ಲೇ ತೀರ್ಮಾನ ಮಾಡ್ದೆ. ಸೆಪ್ಟೆಂಬರಲ್ಲಿ ನನ್ನ ತಂಗಿ ಮಗ ಬಂದು ಟ್ಯಾಂಕು ಕತ್ತರಿಸಿ ಗುಜರಿಗೆ ಹಾಕ್ದ. ಈಗ ಸೌದೆ ಒಲೆ. ಬೆಚ್ಚಗೇ ಇದ್ದೀನಿ."

"ಪೈಪು ಇತ್ತು."

"ಪೈಪು ಇರ್ಲಿ ಅಂತ ನಾನೇ ಹೇಳ್ದೆ."

"ಯಾಕೆ?"

ಲೋರೆಟ್ ಕೈಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. "ಬೋಳು ಗೋಡೆ ನೋಡಿದ್ರೆ ಇನ್ನು ಈ ಮನೇಲಿ ನನಗೆ ಕೆಲಸ ಇಲ್ಲ ಅಂತ ನೀನು ಹೋಗೇ ಬಿಡ್ತಿದ್ದೆ. ಪೈಪು ಕಂಡ್ರೆ ಒಂದ್ಸಲನಾದ್ರೂ ನಿಲ್ಲಿಸ್ತೀಯ, ಆಗ ಹೇಳೋಣ ಅಂತಿದ್ದೆ."

"ಪಟ್ಟೀಲಿ ನಿಮ್ಮ ಹೆಸರಿರ್ಲಿಲ್ಲ."

"ಹೆಸರಿಲ್ಲದೋರ ಮನೇಲಿ ಕಾಫಿ ಕುಡೀಬಾರ್ದು ಅಂತ ಯಾವ ಪಾದ್ರಿ ಹೇಳಿದ್ದು ನಿನಗೆ? ಮೂರು ಗುರುವಾರ ಹಿಟ್ಟು ಕಲಸಿಟ್ಟು ಕಾದೆ. ಮೂರು ಸಲನೂ ನಾನೇ ತಿಂದೆ."

ಅವನು ಮತ್ತೆ ಹೊಟ್ಟಿನ ಚೀಲದ ಮೇಲೆ ಬಾಗಿದ. ಜೇಬಿನಿಂದ ರಸೀತಿಯ ಪುಸ್ತಕ ಜಾರಿ ಹಿಮದಲ್ಲಿ ಬಿದ್ದಿತ್ತು. ಎತ್ತಿಕೊಟ್ಟಾಗ ಮೇಲಿನ ಹಾಳೆ ನನ್ನ ಕಣ್ಣಿಗೆ ಬಿತ್ತು. ನೂರು ಗ್ಯಾಲನ್, ಮನೆ ಲೋರೆಟಳದು, ಹಣ ಕೊಡುವವರ ಹೆಸರು ಅವನದೇ.

ಟ್ಯಾಂಕಿಲ್ಲದ ನೆಲಮಾಳಿಗೆಗೆ ಎಣ್ಣೆ ಬಿಡುವುದು ಅವನ ಕಸುಬಿನಲ್ಲಿ ಎಲ್ಲರೂ ಹೆದರುವ ತಪ್ಪು. ಬಿದ್ದದ್ದು ಹದಿನೈದು ಗ್ಯಾಲನ್ ಮಾತ್ರ. ಆದರೆ ಮಣ್ಣು ನೆಲ, ಹೀರಿಕೊಂಡಿತ್ತು. ಕಂಪನಿ ಅವನ ಲಾರಿಯ ಕೀಲಿಯನ್ನು ವಾಪಸು ತೆಗೆದುಕೊಂಡಿತು. ಸರ್ಕಾರದವರು ಬಂದು ನೆಲ ಅಗೆದು, ಮಣ್ಣು ಸಾಗಿಸಿ, ಜಲ್ಲಿ ತುಂಬಿದರು. ಗೋಡೆಯ ಪೈಪನ್ನು ಕಿತ್ತು ತೂತಿಗೆ ಸಿಮೆಂಟು ಮೆತ್ತಿದರು. ಆದರೂ ವಾಸನೆ ತೊಲೆಗಳಲ್ಲಿ ಉಳಿಯಿತು. ಲೋರೆಟಳಿಗೆ ದಿನವೂ ತಲೆನೋವು, ವಾಂತಿ. ವಾಸನೆ ಹೋಗುವವರೆಗೆ ಆ ಮನೆಯಲ್ಲಿ ಮಲಗಕೂಡದೆಂದು ಡಾಕ್ಟರು ಹೇಳಿದರು. ಹೊಸ ವರ್ಷದ ಮರುದಿನ ಆಕೆ ದೂರದ ಲೂಯಿಸ್ಟನ್ ಪಟ್ಟಣದ ತಂಗಿಯ ಮನೆಗೆ ಹೊರಟಳು.

ಬಸ್ಸಿನ ಬಳಿಗೆ ರೊಸೇರ್ ಬಂದಿದ್ದ. ದೂರದಲ್ಲೇ ನಿಂತಿದ್ದ. ಆಕೆಯೇ ಹೋಗಿ ಮನೆಯ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟಳು.

"ದಿನಾ ಒಲೆ ಹಚ್ಚು. ಇಲ್ಲದಿದ್ರೆ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯುತ್ತೆ. ವಾಸನೆ ಹೋದ ದಿನ ಫೋನ್ ಮಾಡು, ಬರ್ತೀನಿ."

"ನನಗಾ ಕೊಡ್ತೀರಿ? ಇಷ್ಟೆಲ್ಲ ಆದ ಮೇಲೆ?"

"ಕೊಳವೆ ಇಲ್ಲದೆ ಒಳಗೆ ಬರೋದು ನಿನಗೆ ಬರಲ್ಲ. ಈಗ ಕಲಿ," ಎಂದು ಬಸ್ಸು ಹತ್ತಿದಳು.

ಅವನು ಕಲಿತ. ಬೆಳಗಾಗುತ್ತಲೇ ಹೋಗಿ ಒಲೆ ಹಚ್ಚುತ್ತಿದ್ದ. ಮಧ್ಯಾಹ್ನ ನೆಲಮಾಳಿಗೆಯ ಕಿಟಕಿಗಳನ್ನು ತೆರೆದು, ಸಂಜೆ ಮುಚ್ಚುತ್ತಿದ್ದ. ಜನವರಿಯಲ್ಲಿ ತೊಲೆಗಳನ್ನು ಸೋಪಿನ ನೀರಿನಿಂದ ಉಜ್ಜಿದ. ಫೆಬ್ರವರಿಯಲ್ಲಿ ಗೋಡೆಗೆ ಸುಣ್ಣ ಬಳಿದ. ಆದರೆ ಒಂದು ಕೆಲಸ ಮಾತ್ರ ಅವನಿಂದಾಗದು. ವಾಸನೆ ಹೋಯಿತೋ ಇಲ್ಲವೋ ಹೇಳಲು ಅವನಿಗೆ ಮೂಗೇ ಇರಲಿಲ್ಲ. ಹಾಗಾಗಿ ಪ್ರತಿ ಗುರುವಾರ ನನ್ನ ಮನೆಗೆ ಬರುತ್ತಿದ್ದ. ಬಾಗಿಲು ತಟ್ಟುವುದು ಇನ್ನೂ ರೂಢಿಯಾಗಿರಲಿಲ್ಲ. ನಾನು ನೋಡುವವರೆಗೆ ಅಂಗಳದಲ್ಲಿ ಕೆಮ್ಮುತ್ತ ನಿಂತಿರುತ್ತಿದ್ದ.

"ಮೇಷ್ಟ್ರೇ, ಸ್ವಲ್ಪ ನಿಮ್ಮ ಮೂಗು ಬೇಕಿತ್ತು."

ಇಬ್ಬರೂ ಮೆಟ್ಟಿಲಿಳಿಯುತ್ತಿದ್ದೆವು. ನಾನು ಉಸಿರೆಳೆದು "ಇದೆ" ಎನ್ನುತ್ತಿದ್ದೆ. ಅವನು ತಲೆಯಾಡಿಸಿ ಮತ್ತೆ ಬಕೀಟು ಎತ್ತಿಕೊಳ್ಳುತ್ತಿದ್ದ. ಹತ್ತು ಗುರುವಾರ ಹೀಗಾಯಿತು. ಪಾಠ ಒಪ್ಪಿಸಿದ ಮಗುವನ್ನು ಹತ್ತು ಸಲ ತಪ್ಪೆಂದು ಕೂರಿಸಿದಂತೆ ನನಗೆ ಸಂಕಟವಾಗುತ್ತಿತ್ತು.

ಮಾರ್ಚಿನ ಗುರುವಾರವೊಂದರಂದು ಎಂದಿನಂತೆ "ಇದೆ" ಎಂದು ಹೇಳಿ ಮೆಟ್ಟಿಲು ಹತ್ತುತ್ತಿದ್ದೆ. ಅರ್ಧ ಹತ್ತಿದಾಗ ಅನುಮಾನ ಬಂತು. ವಾಸನೆ ಕೆಳಗೆ ಉಳಿಯದೆ ನಮ್ಮ ಜೊತೆಗೇ ಮೇಲೆ ಬರುತ್ತಿತ್ತು.

"ರೊಸೇರ್, ನೀನು ಸ್ವಲ್ಪ ಹೊರಗೆ ನಿಲ್ಲು," ಎಂದೆ.

ಒಬ್ಬನೇ ಇಳಿದೆ. ಅರ್ಧ ಗಂಟೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಡೆದಾಡಿದೆ. ಒದ್ದೆ ಕಲ್ಲು, ಸುಣ್ಣ, ಬೂದಿ. ಬೇರೇನೂ ಇರಲಿಲ್ಲ. ಹೊರಗೆ ಬಂದಾಗ ಅವನು ಸಿಮೆಂಟು ಮೆತ್ತಿದ ಗೋಡೆಗೆ ಅಂಗೈಯೂರಿ ನಿಂತಿದ್ದ.

"ನೆಲ ಅಲ್ಲ ಕಣೋ," ಎಂದೆ. "ನಿನ್ನ ಕೋಟು."

ಅವನು ತನ್ನ ತೋಳನ್ನು ಮೂಗಿಗೆ ಹಿಡಿದು ನೋಡಿದ. ಅವನಿಗೇನು ತಿಳಿದೀತು! ಲಾರಿ ಹೋದರೂ ಇಪ್ಪತ್ತು ವರ್ಷದ ಆ ಕೋಟು ಅವನ ಮೈಬಿಟ್ಟಿರಲಿಲ್ಲ.

"ಹಾಗಾದ್ರೆ ನೆಲದ ವಾಸನೆ ಹೋಗಿ ಎಷ್ಟು ವಾರ ಆಯ್ತು ಮೇಷ್ಟ್ರೇ?"

ನನಗೆ ಗೊತ್ತಿರಲಿಲ್ಲ. ಎರಡಿರಬಹುದು, ಆರಿರಬಹುದು. ನಾನೂ ಮೂರ್ಖನಂತೆ ಅವನ ಪಕ್ಕದಲ್ಲೇ ನಿಂತು ಮೂಸಿದ್ದೆನಲ್ಲ.

ಅಂದೇ ಫೋನ್ ಮಾಡಿದೆವು. ಲೋರೆಟ್ ನಕ್ಕಳು. ಆದರೆ ಹಿಂದಿನ ವಾರವಷ್ಟೇ ತಂಗಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳಂತೆ. ಈಗ ಬಿಟ್ಟು ಬರುವ ಹಾಗಿಲ್ಲ. ಹೊಳೆಯ ಮಂಜುಗಡ್ಡೆ ಒಡೆದು ಹೋದ ಮೇಲೆ ನೋಡೋಣ ಎಂದಳು. ಒಂದೆರಡು ವಾರ ಮೊದಲೇ ಕರೆದಿದ್ದರೆ ಬರುತ್ತಿದ್ದಳೋ ಏನೋ.

ಹೊಳೆ ಇನ್ನೂ ಹೆಪ್ಪುಗಟ್ಟಿಯೇ ಇದೆ. ರೊಸೇರ್ ಈಗಲೂ ದಿನಾ ಬೆಳಗ್ಗೆ ಹೋಗುತ್ತಾನೆ. ಕೋಟನ್ನು ಹೊರಗೋಡೆಯ ಮೊಳೆಗೆ ತೂಗುಹಾಕಿ, ಸ್ವೆಟರಿನಲ್ಲಿ ನಡುಗುತ್ತ ಬೀಗ ತೆಗೆಯುತ್ತಾನೆ. ಒಲೆ ಹಚ್ಚಿ, ಬಾಗಿಲ ಬಳಿಯ ತನ್ನ ಮಾಮೂಲಿ ಕುರ್ಚಿಯಲ್ಲೇ ಕೂರುತ್ತಾನೆ. ಆಕೆಯ ಕುರ್ಚಿಯನ್ನು ಮುಟ್ಟುವುದಿಲ್ಲ. ಗುರುವಾರ ಹಿಟ್ಟು ಕಲಸುತ್ತಾನಂತೆ. ಮೊದಮೊದಲು ಸೀದುಹೋಗುತ್ತಿತ್ತಂತೆ, ಈಗ ತೂತು ಚೆನ್ನಾಗಿ ಬೀಳುತ್ತಿದೆಯಂತೆ. ನಾನು ಆ ದಾರಿಯಲ್ಲಿ ಹೋಗುವಾಗ ಚಿಮಣಿಯ ಹೊಗೆಯನ್ನೂ, ಮೊಳೆಯ ಮೇಲೆ ಹಲಗೆಯಂತೆ ಸೆಟೆದು ನಿಂತ ಕೋಟನ್ನೂ ನೋಡಿ, ಅವನು ಒಳಗಿದ್ದಾನೆಂದು ತಿಳಿಯುತ್ತೇನೆ.