ಕಿವಿಗೆ ಕೇಳಿಸಿದಷ್ಟು

ತುರುವೇಕೆರೆ ಕಡೆಯ ನಮ್ಮೂರಿನಲ್ಲಿ ತೆಂಗಿನಕಾಯಿಗೆ ಬರವಿಲ್ಲ. ಆದರೂ ದೇವರ ಮುಂದೆ ಒಡೆಯುವ ಕಾಯಿಯನ್ನು ಎಲ್ಲರೂ ನಮ್ಮ ಪಕ್ಕದ ಮನೆಯ ಅಜ್ಜಿಯ ಕೈಗೆ ಕೊಟ್ಟು, ಒಳ್ಳೆಯದೆಂದು ಹೇಳಿಸಿಕೊಂಡೇ ಒಯ್ಯುತ್ತಿದ್ದರು. ಆಯಸ್ಸೆಲ್ಲ ಕಾಯಿ ಸುಲಿದವರು ಅವರು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸುವರು, ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುವರು. ಆಮೇಲೆ ಸೆರಗಿನಿಂದ ಒರೆಸಿ ಕೊಡುತ್ತ, "ನಂಗೆ ಕೇಳ್ಸಿದ್ದು ಇಷ್ಟು ಕಣವ್ವ," ಎನ್ನುವರು. ಆ ಮಾತನ್ನು ನಾವು ಯಾರೂ ಗಮನಿಸುತ್ತಿರಲಿಲ್ಲ.

ಅಮ್ಮ ಗರ್ಭಕೋಶದ ಆಪರೇಷನ್ನಿಗೆ ತುಮಕೂರಿಗೆ ಹೊರಡಬೇಕಿದ್ದ ಬೆಳಿಗ್ಗೆ, ಅಜ್ಜಿ ಆರಿಸಿಕೊಟ್ಟ ಕಾಯಿಯನ್ನು ದೇವಸ್ಥಾನದಲ್ಲಿ ಒಡೆದಾಗ ಒಳಗೆಲ್ಲ ಕೊಳೆತಿತ್ತು. ಅಮ್ಮ ಆ ಹೋಳುಗಳನ್ನು ಹಿಡಿದುಕೊಂಡೇ ಮನೆಗೆ ಬಂದು ಜಗಲಿಯ ಮೇಲೆ ಕುಳಿತುಬಿಟ್ಟಳು.

"ದೇವ್ರೇ ಬ್ಯಾಡ ಅಂದವ್ನೆ. ನಾನು ಬರಲ್ಲ."

ಡಾಕ್ಟರು ಹೇಳಿದ್ದನ್ನೆಲ್ಲ ನಾನು ಮತ್ತೊಮ್ಮೆ ಕ್ರಮವಾಗಿ ವಿವರಿಸಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಸುದ್ದಿ ತಿಳಿದು ಅಜ್ಜಿ ಬಂದರು. ಒಡೆದ ಹೋಳನ್ನು ಮೂಸಿ ನೋಡಿ, "ತಪ್ಪಿದ್ದು ನನ್ ಕಿವಿ ಕಣೇ. ಅದ್ನ ತಗಂಡೋಗಿ ಶಿವನ ತಲೆಗೆ ಯಾಕೆ ಕಟ್ತೀಯ?" ಎಂದರು. "ಅವ್ನ ಮನ್ಸಲ್ಲಿ ಏನೈತೋ ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಹೊಟ್ಟೆ ಒಳಗೇನೈತೆ ಅಂತ ಡಾಕ್ಟ್ರು ನೋಡವ್ರೆ. ಹೋಗು."

ತಮ್ಮ ಮನೆಯಿಂದ ಇನ್ನೊಂದು ಕಾಯಿ ತಂದು, ಅಲ್ಲಾಡಿಸಿ, ತಟ್ಟಿ ಕೊಟ್ಟರು.

"ಇದೂ ಕೆಟ್ಟೋಗಿದ್ರೆ ಅಜ್ಜಿ?" ಅಮ್ಮ ಕೇಳಿದಳು.

"ನಿನ್ ಜೊತೆ ನನ್ ಕಿವಿಗೂ ಒಂದು ಆಪರೇಷನ್ ಮಾಡ್ಸು."

ಅಮ್ಮ ನಕ್ಕಳು. ಆ ಕಾಯಿಯನ್ನು ಒಡೆಯದೆ, ಆಸ್ಪತ್ರೆಯ ಚೀಲದಲ್ಲಿ ಸೀರೆಗಳ ನಡುವೆ ಇಟ್ಟುಕೊಂಡು ಬಸ್ಸು ಹತ್ತಿದಳು.