ಐಸಿನ ಮೇಲೆ ಕಲ್ಲುಪ್ಪು

ಆಗ ನನಗೆ ಎಪ್ಪತ್ತೆರಡು. ನಾಲ್ಕು ವರ್ಷದ ಹಿಂದಿನ ಮಾತು. ಇವತ್ತು ಯಾಕೆ ನೆನಪಾಯಿತೆಂದರೆ, ಜಪಾನಿನ ಹಮಾಮತ್ಸುವಿನಲ್ಲಿರುವ ಮಗಳ ಮನೆಗೆ ಬಂದು ಪೆಟ್ಟಿಗೆ ತೆಗೆದರೆ ಕಲ್ಲುಪ್ಪಿನ ಪೊಟ್ಟಣ ಒಡೆದು ಸೀರೆಯ ಮಡಿಕೆಗಳಲ್ಲೆಲ್ಲ ಉಪ್ಪು. ಕೊಡವಿದೆ, ನೆಲದ ಮೇಲೆ ಚಟಚಟ ಹಾರಿತು. ಮಗಳು ಸುಮಾ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಅಮ್ಮಾ, ಮತ್ತೆ ಉಪ್ಪಾ? ಸ್ಟೇಡಿಯಂ ಗೇಟಲ್ಲಿ ನಿನ್ ಫೋಟೋ ಹಾಕಿರ್ತಾರೆ, ನೆನಪಿರ್ಲಿ."

ಹಾಕಿದರೆ ಹಾಕಲಿ. ಈ ದೇಶದ ಉಪ್ಪು ಹಿಟ್ಟಿನ ಹಾಗಿರುತ್ತದೆ. ಅದರಲ್ಲಿ ಮಾವಿನಕಾಯಿ ಹಾಕಿದರೆ ಕಾಯಿ ಮೂರೇ ದಿನಕ್ಕೆ ಮೆತ್ತಗಾಗುತ್ತದೆ. ತಿಪಟೂರಿನಲ್ಲಿ ಉಪ್ಪಿನಕಾಯಿ ಹಾಕಿ ಮಾರಿಯೇ ಇವಳನ್ನು ಎಂಜಿನಿಯರು ಓದಿಸಿದ್ದು ನಾನು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬೇರೆ ವಿಷಯದಲ್ಲಿ ಯಾರು ಏನು ಹೇಳಿದರೂ ಕೇಳುತ್ತೇನೆ. ಉಪ್ಪಿನ ವಿಷಯದಲ್ಲಿ ಕೇಳುವುದಿಲ್ಲ.

ಸುಮಾ ಇಲ್ಲಿ ಬೈಕು ಮಾಡುವ ಕಾರ್ಖಾನೆಯಲ್ಲಿದ್ದಾಳೆ. ಅಳಿಯ ಕಾರಿನವರ ಹತ್ತಿರ. ನನಗೆ ಕೊಡುವ ವೀಸಾ ಮೂರು ತಿಂಗಳದ್ದು. ಅಷ್ಟರೊಳಗೆ ಬಂದು, ಇವರ ಫ್ರಿಡ್ಜು ತೊಳೆದು, ಬೈಯುವುದನ್ನು ಬೈದು ಹೊರಡುತ್ತೇನೆ. ಆ ವರ್ಷ ಮೊದಲ ಸಲ ಬಂದಿದ್ದೆ. ಇವರ ಮನೆ ಎರಡನೇ ಮಹಡಿ. ಕೆಳಗಿನ ಮನೆಯ ಬಾಗಿಲಿನ ಎರಡು ಕಡೆಗೂ ಎರಡು ಪುಟ್ಟ ತಟ್ಟೆ, ಅದರಲ್ಲಿ ಚೂಪಾಗಿ ಗೋಪುರದ ಹಾಗೆ ಒತ್ತಿಟ್ಟ ಉಪ್ಪು. ನೋಡಿದ ಕೂಡಲೇ ನನಗೆ ಅರ್ಥವಾಯಿತು. ಯಾರೋ ಮಾಟ ಮಾಡಿಸಿದ್ದಾರೆ. ಪಾಪ, ಮನೆಯವರಿಗೆ ಗೊತ್ತಿಲ್ಲ. ಪೊರಕೆ ತಂದು ಗುಡಿಸಿ, ತಟ್ಟೆ ತೊಳೆದು ಬೋರಲು ಹಾಕಿ ಬಂದೆ.

ಮಾರನೆಯ ದಿನ ನೋಡಿದರೆ ಮತ್ತೆ ಉಪ್ಪು. ಮತ್ತೆ ಗುಡಿಸಿದೆ. ಮಾಟದವರಿಗೂ ನನಗೂ ಹಟ ಬಿತ್ತು. ಹೀಗೇ ಒಂದು ವಾರ ನಡೆಯಿತು. ಆಮೇಲೆ ಒಂದು ಸಂಜೆ ಕೆಳಗಿನ ಮನೆಯ ಮುದುಕಿ ಮೇಲೆ ಬಂದಳು. ನನ್ನ ವಯಸ್ಸೇ ಇರಬೇಕು, ನನಗಿಂತ ಒಂದು ಗೇಣು ಕುಳ್ಳಿ. ಕೈಯಲ್ಲಿ ಮಿಠಾಯಿ ಡಬ್ಬಿ. ಸೊಂಟ ಮುರಿಯುವ ಹಾಗೆ ಬಗ್ಗಿ, ಮಂಡಿ ನೋವಿಗೆ ಮುಖ ಹಿಂಡಿಕೊಂಡು ಎದ್ದು, ಸುಮಾಳನ್ನು ಏನೋ ಕೇಳಿದಳು. ಸುಮಾಳ ಮುಖ ಕೆಂಪಾಯಿತು.

"ಏನಂತೆ?"

"ನಮ್ಮ ಮನೆ ಉಪ್ಪಿಂದ ನಿಮ್ಮ ತಾಯಿಗೆ ಏನಾದ್ರೂ ತೊಂದ್ರೆ ಆಗ್ತಿದ್ಯಾ ಅಂತ ಕೇಳ್ತಿದಾರೆ. ಆಗ್ತಿದ್ರೆ ಸಾರಿ ಅಂತೆ. ಅಮ್ಮಾ! ಅದು ಅವರೇ ಇಟ್ಕೊಳೋದು. ಕೆಟ್ಟದ್ದು ಒಳಗೆ ಬರಬಾರದು ಅಂತ!"

ನೋಡಿ, ನಮ್ಮಲ್ಲಾಗಿದ್ದರೆ ಎರಡನೆಯ ದಿನವೇ ಸೆರಗು ಬಿಗಿದು ಬೀದಿಗೆ ಬಂದಿರುತ್ತಿದ್ದರು. ಇವಳು ವಾರ ಕಾದು, ಮಿಠಾಯಿ ತಂದು, ತಾನೇ ತಪ್ಪು ಮಾಡಿದ ಹಾಗೆ ಕೇಳುತ್ತಿದ್ದಾಳೆ. ನನಗೆ ನಾಚಿಕೆಯೇನೂ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಖುಷಿಯಾಯಿತು. ಉಪ್ಪಿಗೆ ದೃಷ್ಟಿ ಎಳೆಯುವ ಶಕ್ತಿಯಿದೆ ಎಂದು ಗೊತ್ತಿರುವ ಹೆಂಗಸೊಬ್ಬಳು ಈ ಊರಿನಲ್ಲೂ ಇದ್ದಾಳಲ್ಲ! ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟೆ. ಅವಳ ಹೆಸರು ಹಯಾಶಿ ಸಾನ್, ಸಾನ್ ಎನ್ನುವುದು ಮರ್ಯಾದೆಗೆ. ಸುಮಾ ನನ್ನನ್ನು ಅಮ್ಮಾ ಎನ್ನುವುದನ್ನು ಕೇಳಿ, ಅದೇ ನನ್ನ ಹೆಸರೆಂದುಕೊಂಡು ನನ್ನನ್ನು "ಅಮ್ಮಾ ಸಾನ್" ಎಂದಳು. ಇವತ್ತಿಗೂ ಹಾಗೇ ಕರೆಯುತ್ತಾಳೆ.

ಆಮೇಲೆ ನಾನು ಮಾವಿನಕಾಯಿ ಉಪ್ಪಿನಕಾಯಿ ಕೆಳಗೆ ಕೊಡುವುದು, ಅವಳು ಹುಳಿಹಣ್ಣಿನದೊಂದು ಉಪ್ಪಿನಕಾಯಿ ಮೇಲೆ ಕಳಿಸುವುದು. ಅವಳದರಲ್ಲಿ ಖಾರವೇ ಇಲ್ಲ. ನನ್ನದನ್ನು ತಿಂದು ಅವಳು ಅರ್ಧ ಗಂಟೆ ಮಾತಾಡಲಿಲ್ಲ. ಭಾಷೆ ಗೊತ್ತಿದ್ದರೂ ಆಗ ಪ್ರಯೋಜನವಿರಲಿಲ್ಲ ಬಿಡಿ.

ಅವಳ ಮಗನ ವಿಷಯ ಗೊತ್ತಾದದ್ದು ಸುಮಾ ಮನೆಯಲ್ಲಿದ್ದ ಒಂದು ರಜಾದಿನ. ಮಗನ ಹೆಸರು ಕೆಂಜಿ. ಐಸ್ ಹಾಕಿ ಆಡುತ್ತಾನೆ. ಸುಮ್ಮನೆ ಆಡುವುದಲ್ಲ, ಜಪಾನ್ ದೇಶದ ತಂಡದಲ್ಲಿದ್ದಾನೆ, ಗೋಲು ಕಾಯುವವನು. ಆದರೆ ಎರಡನೆಯವನು. ಮೊದಲನೆಯವನಿಗೆ ಏನಾದರೂ ಆದರೆ ಮಾತ್ರ ಇವನು ಇಳಿಯಬೇಕು. ಅವನಿಗೋ ಒಂದು ದಿನ ನೆಗಡಿಯೂ ಬಂದಿಲ್ಲ. ಹಾಗಾಗಿ ಇವನು ಎಷ್ಟೋ ವರ್ಷದಿಂದ ಮೈತುಂಬ ದಿಂಬು ಕಟ್ಟಿಕೊಂಡು, ತಲೆಗೊಂದು ಟೋಪಿ ಹಾಕಿಕೊಂಡು, ಬೆಂಚಿನ ತುದಿಯಲ್ಲಿ ಕೂತು ಬೇರೆಯವರು ಒಳಗೆ ಹೊರಗೆ ಓಡಾಡುವಾಗ ಬಾಗಿಲು ತೆಗೆಯುವುದು, ಹಾಕುವುದು ಮಾಡುತ್ತಿದ್ದಾನೆ.

"ನೋಡಕ್ಕೆ ಬರ್ಬೇಡ ಅಂದಿದಾನಂತೆ ಅಮ್ಮ," ಎಂದಳು ಸುಮಾ. "ಬಾಗಿಲು ತೆಗೆಯೋದು ನೋಡಕ್ಕೆ ಟಿಕೆಟ್ ಯಾಕೆ, ಆಡೋ ದಿನ ನಾನೇ ಕರೀತೀನಿ ಅಂತ. ಇವರು ಕದ್ದು ಹೋಗ್ತಾರಂತೆ. ಟೋಪಿ, ಮಾಸ್ಕ್ ಹಾಕ್ಕೊಂಡು ಮೇಲ್ಗಡೆ ಕೊನೇ ಸಾಲಲ್ಲಿ. ಒಂದ್ಸಲಾನೂ ಸಿಕ್ಕಿ ಬಿದ್ದಿಲ್ಲ."

"ಕರೆದನಾ ಇಷ್ಟು ವರ್ಷದಲ್ಲಿ?"

ಸುಮಾ ಅದನ್ನು ಅವಳ ಹತ್ತಿರ ಕೇಳಲಿಲ್ಲ. ಹಯಾಶಿ ಸಾನ್ ಲೋಟದೊಳಗೆ ನೋಡುತ್ತಿದ್ದಳು, ಅದರಲ್ಲೇ ಗೊತ್ತಾಗುತ್ತಿತ್ತು.

ಆ ತಿಂಗಳು ನಗೋಯಾ ಕಡೆ ಐದಾರು ದೇಶದ ಗಂಡಸರ ಪಂದ್ಯಗಳಿದ್ದವು. ಕೊರಿಯಾ, ಪೋಲೆಂಡ್, ಹಂಗೆರಿ, ಇನ್ನೂ ಯಾವುಯಾವುದೋ. ಅದು ಮುಗಿದ ಮೇಲೆ ಕೆಂಜಿ ಆಟ ಬಿಡುತ್ತಾನೆ, ಎಲ್ಲೋ ಗೋದಾಮಿನಲ್ಲಿ ಕೆಲಸ ಸಿಕ್ಕಿದೆ. ಅಂದರೆ ಈ ಸಲ ಇಳಿದರೆ ಇಳಿದ, ಇಲ್ಲದಿದ್ದರೆ ಇಲ್ಲ. ಮೊದಲ ಪಂದ್ಯಗಳಿಗೆಲ್ಲ ಹಯಾಶಿ ಸಾನ್ ಒಬ್ಬಳೇ ರೈಲು ಹತ್ತಿ ಹೋಗಿ ಬಂದಳು. ಅವನು ಬಾಗಿಲನ್ನೇ ತೆಗೆದ. ಅಷ್ಟರಲ್ಲಿ ಅವಳ ಮಂಡಿ ಊದಿಕೊಂಡಿತು. ಕೊನೆಯ ಪಂದ್ಯ ಭಾನುವಾರ. ಜೊತೆಗೆ ಬರುತ್ತೇನೆಂದು ಸುಮಾ ಹೇಳಿದಳು. ಮನೆಯಲ್ಲಿ ಒಬ್ಬಳೇ ಗೋಡೆ ನೋಡಿಕೊಂಡು ಕೂರುವವಳಲ್ಲ ನಾನು, ನಾನೂ ಹೊರಟೆ. ಸೀರೆ, ಅದರ ಮೇಲೆ ಅಳಿಯನ ಕೋಟು, ತಲೆಗೆ ಮಂಕಿ ಟೋಪಿ. ಯಾರಿಗೂ ಕಾಣಬಾರದೆಂದು ಹೋಗುವ ಹೆಂಗಸಿನ ಪಕ್ಕದಲ್ಲಿ ಈ ವೇಷ! ಸೆರಗಿನ ತುದಿಗೆ ಒಂದು ಹಿಡಿ ಕಲ್ಲುಪ್ಪನ್ನೂ ಗಂಟು ಹಾಕಿಕೊಂಡೆ.

ಐಸ್ ಹಾಕಿ ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ. ಫ್ರಿಡ್ಜಿನೊಳಗೆ ಊರೇ ಕೂತ ಹಾಗಿರುತ್ತದೆ. ನಡುವೆ ಬಿಳೀ ಅಂಗಳ, ಸುತ್ತ ಗಾಜಿನ ಗೋಡೆ. ಕಾಲಿಗೆ ಚೂರಿ ಕಟ್ಟಿಕೊಂಡ ಗಂಡಸರು ಒಂದು ಕರೀ ಬಿಲ್ಲೆಯ ಹಿಂದೆ ಬಿದ್ದಿರುತ್ತಾರೆ. ಬಿಲ್ಲೆ ನನಗೆ ಒಂದು ಸಲವೂ ಕಾಣಲಿಲ್ಲ. ಎಲ್ಲರೂ ಕೂಗಿದಾಗ ಗೋಲೆಂದು ತಿಳಿದುಕೊಳ್ಳುವುದು. ಯಾರಾದರೂ ಅತಿ ಮಾಡಿದರೆ ಗಾಜಿನ ಪೆಟ್ಟಿಗೆಯೊಳಗೆ ಎರಡು ನಿಮಿಷ ಸುಮ್ಮನೆ ಕೂರಿಸುತ್ತಾರೆ. ಇದೊಂದು ನನಗೆ ಬಹಳ ಹಿಡಿಸಿತು. ಮನೆಗೊಂದು ಬೇಕು ಅಂಥದ್ದು. ಅಳಿಯನಿಗೆ ಬೇಕಿಲ್ಲ, ಪಾಪ. ಮಗಳಿಗೆ.

ಎದುರಿಗೆ ಹಂಗೆರಿಯವರು. ಒಬ್ಬೊಬ್ಬನೂ ಬಾಗಿಲು ದಾಟಬೇಕಾದರೆ ತಲೆ ತಗ್ಗಿಸಬೇಕು, ಅಂಥ ಆಳುಗಳು. ಆಟದ ಮೂರು ಪಾಳಿಯಲ್ಲಿ ಎರಡು ಮುಗಿಯುವ ಹೊತ್ತಿಗೆ ಅವರಿಗೆ ಐದು ಗೋಲು, ಜಪಾನಿನವರಿಗೆ ಒಂದು. ಕೆಂಜಿ ಬಾಗಿಲು ತೆಗೆಯುತ್ತಿದ್ದ, ಹಾಕುತ್ತಿದ್ದ. ಹಯಾಶಿ ಸಾನ್ ಮಾಸ್ಕಿನ ಮೇಲೆ ಬರೀ ಎರಡು ಕಣ್ಣಾಗಿ ಕೂತಿದ್ದಳು. ಆಟದ ಕಡೆಗೆ ನೋಡುತ್ತಲೇ ಇರಲಿಲ್ಲ, ಬೆಂಚಿನ ತುದಿಯನ್ನೇ ನೋಡುತ್ತಿದ್ದಳು.

ಇಷ್ಟು ವರ್ಷ ಆಳು ಬೆಂಚಿನ ಮೇಲೆ ಕೂತಿದ್ದಾನೆ ಎಂದರೆ ಅದು ದೃಷ್ಟಿಯೇ. ಇದಕ್ಕೆ ಡಾಕ್ಟರು ಬೇಕಾ?

ಬಿಡುವಿನಲ್ಲಿ ಒಂದು ಯಂತ್ರ ಬಂದು ಅಂಗಳ ಪೂರ್ತಿ ಹೆರೆದು, ಹಿಂದಿನಿಂದ ನೀರು ಬಳಿದುಕೊಂಡು ಹೋಯಿತು. ಅಂಗಳ ತುಂಬಿದ ಕೆರೆಯ ಹಾಗೆ ಹೊಳೆಯಿತು. ಒಂದಕ್ಕೆ ಹೋಗಿ ಬರುತ್ತೇನೆಂದು ಸುಮಾಳಿಗೆ ಹೇಳಿ ನಾನು ಕೆಳಗಿಳಿದೆ. ಆಟಗಾರರು ಅಂಗಳಕ್ಕೆ ಬರುವ ದಾರಿ ನೋಡಿಟ್ಟುಕೊಂಡಿದ್ದೆ. ದಾರಿಯ ಮೇಲೊಂದು ಕಂಬಿ, ಅದಕ್ಕೆ ಒರಗಿ ನಿಂತರೆ ಅವರ ತಲೆ ನಮ್ಮ ಕೈಯಳತೆಯಲ್ಲಿ ಹೋಗುತ್ತದೆ. ಕೊನೆಯಲ್ಲಿ ಕೆಂಜಿ ಬಂದ. ಸೆರಗಿನ ಗಂಟು ಬಿಚ್ಚಿ, ಉಪ್ಪನ್ನು ಮುಷ್ಟಿಯಲ್ಲಿ ಹಿಡಿದು ಅವನ ತಲೆಯ ಮೇಲೆ ಮೂರು ಸುತ್ತು ನಿವಾಳಿಸಿದೆ. ನಾಯಿ ಕಣ್ಣು, ನರಿ ಕಣ್ಣು, ಕಂಡವರ ಕಣ್ಣು, ಹಂಗೆರಿಯವರ ಕಣ್ಣು. ಥೂ, ಥೂ, ಥೂ ಎಂದು ಮುಷ್ಟಿಗೆ ಉಗಿದೆ. ಅವನು ಬೆಚ್ಚಿ ಮೇಲೆ ನೋಡಿದ. ನಿವಾಳಿಸಿದ್ದನ್ನು ನೀರಿಗೆ ಹಾಕಬೇಕು, ಯಾರನ್ನು ಬೇಕಾದರೂ ಕೇಳಿ. ನೀರು ಎದುರಿಗೇ ಇತ್ತು. ಬೀಸಿ ಎಸೆದೆ.

ಸೀಟಿ ಕೇಳಿಸಿತು.

ಉಪ್ಪು ಬಿದ್ದರೆ ಐಸು ಕರಗಿ ಗುಳಿ ಬೀಳುತ್ತದಂತೆ, ಚೂರಿ ಸಿಕ್ಕಿಕೊಂಡರೆ ಕಾಲು ಮುರಿಯುತ್ತದಂತೆ. ಇದೆಲ್ಲ ನನಗೆ ಆಮೇಲೆ ಹೇಳಿದ್ದು. ಬಕೆಟ್ಟು ಹಿಡಿದ ಇಬ್ಬರು ಓಡಿ ಬಂದು ಬಾಗಿಲ ಹತ್ತಿರದ ಐಸನ್ನು ಕೆರೆಯತೊಡಗಿದರು. ಎರಡು ದೇಶದ ಆಟಗಾರರೂ ಕೋಲು ಊರಿಕೊಂಡು ನಿಂತರು. ಸಮವಸ್ತ್ರದ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಬಗ್ಗಿದಳು. ಹಿಂದಿನಿಂದ ಸುಮಾ ಎರಡೆರಡು ಮೆಟ್ಟಿಲು ಹಾರಿ ಬಂದಳು.

"ಅಮ್ಮಾ! ಏನ್ ಮಾಡ್ದೆ? ಓ ಗಾಡ್, ಏನ್ ಹಾಕ್ದೆ ಅಲ್ಲಿ?"

"ಉಪ್ಪು ಕಣೆ. ವಿಷ ಅಲ್ಲ."

ಅವಳ ಹಿಂದೆ, ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು, ಹಯಾಶಿ ಸಾನ್. ಮೇಲೇ ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಂದವಳು ಟೋಪಿ ತೆಗೆದಳು, ಮಾಸ್ಕ್ ತೆಗೆದಳು. ಹುಡುಗಿಗೆ ಬಗ್ಗಿದಳು. ಐಸು ಕೆರೆಯುವವರಿಗೆ ಬಗ್ಗಿದಳು. ಸೀಟಿಯವನಿಗೆ, ಜಪಾನಿನ ಬೆಂಚಿಗೆ, ಕೊನೆಗೆ ಹಂಗೆರಿಯವರಿಗೂ. ಬಗ್ಗಿದಾಗೆಲ್ಲ ಮಂಡಿ ಲಟಕ್ಕೆನ್ನುವುದು ನನಗೇ ಕೇಳಿಸುತ್ತಿತ್ತು.

"ಏನು ಹೇಳ್ತಿದಾಳೆ ಅವಳು?"

"ಉಪ್ಪು ಹಾಕಿದ್ದು ನಾನೇ ಅಂತಿದಾರೆ," ಎಂದಳು ಸುಮಾ, ಸಣ್ಣ ದನಿಯಲ್ಲಿ.

"ಅವಳ್ಯಾಕೆ ಹಾಕ್ತಾಳೆ? ಏ, ಇಲ್ ನೋಡಪ್ಪಾ, ನಾನ್ ಹಾಕಿದ್ದು! ನಾನು!" ಎಂದು ಎದೆ ತಟ್ಟಿಕೊಂಡು ಸೀಟಿಯವನಿಗೆ ಕೂಗಿದೆ. ಅವನು ನನಗೂ ಒಂದು ಸಲ ಬಗ್ಗಿದ.

ಅಷ್ಟರಲ್ಲಿ ಬೆಂಚಿನ ತುದಿಯಿಂದ ಕೆಂಜಿ ಎದ್ದು ನಿಂತಿದ್ದ. ಟೋಪಿ ಕೈಯಲ್ಲಿತ್ತು. ಏನೋ ಕೇಳಿದ. ಹಯಾಶಿ ಸಾನ್ ಏನೋ ಹೇಳಿದಳು. ಬೆಂಚಿನವರೆಲ್ಲ ತಿರುಗಿ ನೋಡಿದರು, ಅವರ ಕೋಚೂ ನೋಡಿದ. ಸುಮಾ ನನ್ನ ತೋಳು ಹಿಡಿದುಕೊಂಡಳು.

"ಯಾವಾಗಿಂದ ಬರ್ತಿದೀಯಾ ಅಂತ ಕೇಳ್ದ."

"ಇವಳೇನಂದಳು?"

"ಮೊದಲ್ನೇ ಮ್ಯಾಚಿಂದ ಅಂತ."

ಅವನು ಬೈಯುತ್ತಾನೆಂದುಕೊಂಡೆ. ಇಷ್ಟು ವರ್ಷ ಯಾವುದನ್ನು ತಾಯಿ ನೋಡಬಾರದೆಂದಿದ್ದನೋ ಅದನ್ನೇ ಒಂದೂ ಬಿಡದೆ ನೋಡಿದ್ದಾಳೆ, ಅದೂ ಈಗ ಎಲ್ಲರೆದುರಿಗೆ ಗೊತ್ತಾಯಿತು. ಅವನು ಬೈಯಲಿಲ್ಲ. ಕಿವಿಯವರೆಗೂ ಕೆಂಪಗಾಗಿ, ಆ ದಿಂಬುಗಳ ಮೇಲೆಯೇ ತಾಯಿಗೆ ಬಗ್ಗಿದ. ಬಗ್ಗಿದವನು ಬೇಗ ಏಳಲಿಲ್ಲ. ಪಕ್ಕದವನು ಅವನ ಬೆನ್ನಿಗೆ ಕೋಲಿನಿಂದ ತಟ್ಟಿದ ಮೇಲೆ ಎದ್ದ.

ನಮ್ಮನ್ನು ಮತ್ತೆ ಮೇಲಿನ ಸಾಲಿಗೆ ಕೂರಿಸಿದರು, ಪಕ್ಕದಲ್ಲಿ ಆ ಹುಡುಗಿಯನ್ನು ಕಾವಲಿಗೆ ನಿಲ್ಲಿಸಿ. ಮೂರನೇ ಪಾಳಿಯ ನಡುವೆ ಎಲ್ಲೋ ಒಮ್ಮೆ ಕೂಗು ಎದ್ದಿತು. ಗೋಲೆಂದುಕೊಂಡೆ. ಅಲ್ಲ. ಗೋಲು ಕಾಯುವ ಮೊದಲನೆಯವನು ಬೆಂಚಿಗೆ ಬರುತ್ತಿದ್ದ, ಅವನಿಗೆ ಬೇರೆ ಯಾರೋ ಬಾಗಿಲು ತೆಗೆದರು. ಕೆಂಜಿ ಇಳಿದ.

ಕೋಚ್ ಯಾಕೆ ಇಳಿಸಿದನೋ. ಹೇಗಿದ್ದರೂ ಸೋತಾಯಿತು, ಹೋಗುವವನು ಒಂದು ಸಲ ನಿಲ್ಲಲಿ ಎಂದಿರಬೇಕು ಎನ್ನುತ್ತಾಳೆ ಸುಮಾ. ನಾನು ಉಪ್ಪು ಎನ್ನುತ್ತೇನೆ. ಇಬ್ಬರೂ ಇನ್ನೂ ಸೋಲೊಪ್ಪಿಲ್ಲ.

ಮೊದಲು ಬಂದದ್ದನ್ನೇ ಬಿಟ್ಟುಬಿಟ್ಟ. ಹಂಗೆರಿಗೆ ಆರು. ಹಯಾಶಿ ಸಾನ್ ನನ್ನ ಕೋಟಿನ ತೋಳು ಹಿಡಿದುಕೊಂಡಳು, ಅಳಿಯನ ಕೋಟಿನ ಹೊಲಿಗೆ ಬಿಟ್ಟಿದ್ದು ಆಗಲೇ. ಆಮೇಲೆ ಒಂದು ಹಿಡಿದ. ಕಾಲಿನಿಂದ ಒಂದು ಒದ್ದ. ಮೂರು ಆಳುಗಳು ಅವನ ಮೇಲೆ ಬಿದ್ದರು, ಅಡಿಯಿಂದ ಅವನ ಕೈ ಮಾತ್ರ ಹೊರಗೆ ಬಂತು, ಕೈಯಲ್ಲಿ ಬಿಲ್ಲೆ. ಆ ಒಂದು ಸಲ ಬಿಲ್ಲೆ ನನಗೂ ಕಾಣಿಸಿತು. ಇನ್ನೊಂದು ಗೋಲು ಆಗಲಿಲ್ಲ.

ಆಟ ಮುಗಿದ ಮೇಲೆ ಗೆದ್ದ ದೇಶದ ಹಾಡು ಹಾಕುತ್ತಾರೆ, ಸೋತವರೂ ಎದುರಿಗೆ ಸಾಲಾಗಿ ನಿಂತು ಕೇಳಬೇಕು. ಕೆಂಜಿ ಬೆವರು ಸುರಿಸಿಕೊಂಡು ನಿಂತಿದ್ದ. ಹಯಾಶಿ ಸಾನ್ ಊದಿದ ಮಂಡಿಯಲ್ಲಿ ಎದ್ದು ನಿಂತು, ಯಾವುದೋ ದೇಶದ ಹಾಡನ್ನು ಕೊನೆಯವರೆಗೂ ಕೇಳಿದಳು.

ರೈಲು ಹಮಾಮತ್ಸು ಹತ್ತಿರ ಬಂದಾಗ ಹಯಾಶಿ ಸಾನ್ ಒಂದು ಬೆರಳು ತೋರಿಸಿ ಏನೋ ಹೇಳಿ, ಕೈಯಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಒಂದೇ ಗೋಲು ಬಿಟ್ಟ, ಎಂದಳಂತೆ. ಸ್ಟೇಷನ್ನಿನ ಕೊಂಬಿನಿ ಅಂಗಡಿಯಲ್ಲಿ ಅನ್ನದ ಉಂಡೆ, ಮೀನು, ಮೊಟ್ಟೆ ಎಂದು ಬುಟ್ಟಿ ತುಂಬ ಕೊಂಡಳು. ಒಬ್ಬಳೇ ತಿನ್ನುವಷ್ಟಲ್ಲ ಅದು.

ಮಾರನೆಯ ಬೆಳಿಗ್ಗೆ ಎದ್ದು ಕಿಟಕಿಯಿಂದ ಬಗ್ಗಿ ನೋಡಿದೆ. ಕೆಳಗಿನ ಮನೆಯ ಬಾಲ್ಕನಿಯಲ್ಲಿ ಆ ದೊಡ್ಡ ದಿಂಬುಗಳು ಒಣಗುತ್ತಿದ್ದವು. ಪೊರಕೆ, ಒಂದು ಸಣ್ಣ ಸ್ಟೀಲ್ ಲೋಟ, ಉಪ್ಪಿನ ಡಬ್ಬಿ ತೆಗೆದುಕೊಂಡು ಇಳಿದೆ. ಒಳಗೆ ತಾಯಿ, ಮಗ ಇಬ್ಬರೂ ಇನ್ನೂ ಎದ್ದಿರಲಿಲ್ಲ. ಬಾಗಿಲ ಎರಡು ಕಡೆಯ ಹಳೇ ಉಪ್ಪು ನೀರೊಡೆದು ಕುಸಿದಿತ್ತು. ಅದನ್ನು ತೆಗೆದು, ತಟ್ಟೆ ಒರೆಸಿ, ನನ್ನ ಕಲ್ಲುಪ್ಪನ್ನು ಲೋಟದಲ್ಲಿ ಒತ್ತಿ ಬೋರಲು ಹಾಕಿದೆ. ಹರಳು ದಪ್ಪ, ಗೋಪುರ ನಿಲ್ಲಲಿಲ್ಲ. ನೀರು ಚಿಮುಕಿಸಿ ಇನ್ನೊಂದು ಸಲ ಒತ್ತಿದೆ. ಆಗಲೂ ಕುಸಿಯಿತು. ಮೆಟ್ಟಿಲ ಮೇಲೆ ಕೂತು, ನಿಲ್ಲುವವರೆಗೂ ಒತ್ತಿದೆ.