ಸೊನ್ನೆ ಬಂದ ವಾರ್ಡು

ಮೂವತ್ತು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಶೇಕಡಾ ಲೆಕ್ಕ ಕಲಿಸಿದವಳು ನಾನು. ನಿವೃತ್ತಳಾದ ಮೇಲೆ ಪಂಚಾಯತಿನವರು ನಮ್ಮ ವಾರ್ಡಿನ ಹೆಂಗಸರ ಸರ್ವೆಗೆ ಕರೆದಾಗ, ಇದೇನು ಮಹಾ ಎಂದು ಒಪ್ಪಿಕೊಂಡೆ. ಲೈಂಗಿಕ ದೌರ್ಜನ್ಯ ಎಷ್ಟು ಮಂದಿಯ ಬದುಕಿನಲ್ಲಿ ನಡೆದಿದೆ ಎಂದು ತಿಳಿಯುವ ಸರ್ವೆ ಅದು. ಅಗತ್ಯ ಕಂಡುಬಂದ ವಾರ್ಡಿಗೆ ವಾರಕ್ಕೊಮ್ಮೆ ಕೌನ್ಸೆಲರ್ ಬರುತ್ತಾರೆ, ಉಳಿದವಕ್ಕೆ ಇಲ್ಲ. ನಮ್ಮದು ಗಡಿನಾಡು, ಫಾರ್ಮು ಮಲಯಾಳದಲ್ಲಿತ್ತು. ಕೇಳುವಾಗ ಕನ್ನಡಕ್ಕೋ ತುಳುವಿಗೋ ನಾನೇ ತಿರುಗಿಸಿಕೊಳ್ಳಬೇಕಿತ್ತು.

ನಮ್ಮಲ್ಲಿ ಟೀಚರು ಮನೆಗೆ ಬಂದರೆ ಎಲ್ಲರೂ ಜಗಲಿಗೆ ಬಂದು ಕೂರುವುದು ಮರ್ಯಾದೆ. ಅತ್ತೆ, ಮಾವ, ಊಟಕ್ಕೆ ಬಂದ ಮೈದುನ, ಯಾರೂ ಬಿಟ್ಟುಹೋಗುವುದಿಲ್ಲ. ಬೆಲ್ಲ, ನೀರು ಬರುತ್ತದೆ. ಸೊಸೆಯನ್ನು ಒಬ್ಬಳನ್ನೇ ಕೂರಿಸಿ ಕೇಳಬೇಕೆಂದು ತರಬೇತಿಯಲ್ಲಿ ಹೇಳಿದ್ದರು. ಆದರೆ ಬೆಲ್ಲ ತಿಂದ ಬಾಯಿಯಿಂದ ಮನೆಯವರನ್ನು ಎದ್ದು ಹೋಗಿ ಎನ್ನುವುದು ಹೇಗೆ? ದಾಕ್ಷಿಣ್ಯಕ್ಕೆ ಬಿದ್ದು ಎಲ್ಲರೆದುರೇ ಕೇಳಿದೆ. ಅದೂ ಹೇಗೆ?

"ನಿನಗೆ ಹಾಗೆಂತ ಆದದ್ದಿಲ್ಲ ಅಲ್ವಾ?"

"ಇಲ್ಲ ಟೀಚರೇ."

ಒಂದೇ ವಾರದಲ್ಲಿ ವಾರ್ಡು ಮುಗಿಯಿತು. ಎಲ್ಲ ಫಾರ್ಮಿನಲ್ಲೂ 'ಇಲ್ಲ', ಒಟ್ಟು ಲೆಕ್ಕ ಸೊನ್ನೆ. ಇಡೀ ತರಗತಿಯ ಉತ್ತರ ಒಂದೇ ಬಂದರೆ ಕಾಪಿ ಹೊಡೆದಿದ್ದಾರೆಂದು ಹಿಡಿಯುತ್ತಿದ್ದವಳು, ಇಲ್ಲಿ ಮಾತ್ರ ನಮ್ಮ ಊರು ಒಳ್ಳೆಯದು ಎಂದು ಖುಷಿಪಟ್ಟೆ. ದೀಪದ ಬುಡದಲ್ಲಿ ಕತ್ತಲೆ ಎಂದು ಇದಕ್ಕೇ ಹೇಳುವುದು.

ಮರುದಿನ ಬಸ್ ಸ್ಟಾಪಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದಳು. ಈಗ ನಮ್ಮದೇ ವಾರ್ಡಿನ ಒಂದು ಮನೆಯ ಸೊಸೆ. ಅವಳದೂ 'ಇಲ್ಲ' ಎಂಬ ಉತ್ತರವೇ.

"ಫಾರ್ಮು ಕೊಟ್ಟಾಯ್ತಾ ಟೀಚರೇ?"

"ನಾಳೆ ಕೊಡ್ಲಿಕ್ಕುಂಟು. ಎಂತ ಮಗಾ?"

"ಕೌನ್ಸೆಲರ್ ಬರ್ತಾರೆ ಅಂತ ಹೇಳಿದ್ರಲ್ಲ. ನನಗೆ ಅವರ ಹತ್ರ ಮಾತಾಡ್ಲಿಕ್ಕುಂಟು." ಬಸ್ಸು ಬಂತು. ಹತ್ತುವ ಮೊದಲು ಅವಳೆಂದಳು, "ಆ ದಿವಸ ನೀವು ಕೇಳುವಾಗ ಮೈದುನ ಅಲ್ಲೇ ಕೂತಿದ್ದ."

ನನಗೆ ನಾಚಿಕೆಯಾಯಿತು. ಆ ಸೊನ್ನೆಯನ್ನು ನಾನು ಹಾಗೇ ಒಪ್ಪಿಸಿದರೆ ಇವಳಿಗೆ ಮಾತಾಡಲು ಯಾರೂ ಬರುವುದಿಲ್ಲ. ನೇರ ಪಂಚಾಯತಿಗೆ ಹೋಗಿ ಇನ್ನೂ ಹತ್ತು ದಿನ ಬೇಕೆಂದೆ.

"ಸೊನ್ನೆ ಬಂದದ್ದು ಒಳ್ಳೇದಲ್ವಾ ಟೀಚರೇ? ಮತ್ತೆ ಎಂತಕ್ಕೆ ಕೆದಕುದು?" ಎಂದರು ಅಧಿಕಾರಿ.

"ಪ್ರಶ್ನೆಯೊಳಗೇ ಉತ್ತರ ಇಟ್ಟು ಕೇಳಿದ್ದೇನೆ. ನನ್ನ ಪೇಪರೇ ತಪ್ಪು ಮಾರಾಯ್ರೇ."

ಎರಡನೇ ಸುತ್ತಿನಲ್ಲಿ ಯಾರ ಜಗಲಿಗೂ ಹೋಗಲಿಲ್ಲ. ಮಕ್ಕಳು ಮನೆಗೆ ಹೋದ ಮೇಲೆ ಅಂಗನವಾಡಿಯ ಒಳಕೋಣೆಗೆ ಒಬ್ಬೊಬ್ಬರೇ ಬಂದರು. ದೊಡ್ಡ ಶಬ್ದಗಳನ್ನು ಬಿಟ್ಟೆ. ಬಸ್ಸಿನಲ್ಲಿ ಯಾರಾದರೂ ಮೈಗೆ ಕೈ ಹಾಕಿದ್ದುಂಟಾ, ಬೇಡವೆಂದರೂ ಗಂಡ ಬಲವಂತ ಮಾಡಿದ್ದುಂಟಾ, ಮನೆಯವರೇ ಯಾರಾದರೂ? ಹೀಗೆ ಒಂದೊಂದನ್ನೇ ಬಿಡಿಸಿ ಚೀಟಿಯಲ್ಲಿ ಬರೆದಿದ್ದೆ. ಹೆಸರು ಬೇಡ, ಗುರುತು ಹಾಕಿ ಮಡಚಿ ಡಬ್ಬಕ್ಕೆ ಹಾಕಿದರಾಯಿತು. ಓದಲು ಬಾರದವರಿಗೆ ಓದಿ ಹೇಳಿ ಹೊರಗೆ ಕೂತೆ.

ಎಷ್ಟು ಬಂತೆಂದು ಇಲ್ಲಿ ಬರೆಯುವುದಿಲ್ಲ. ವಾರ್ಡು ಸಣ್ಣದು, ಸಂಖ್ಯೆ ಹೇಳಿದರೆ ಜನ ಮನೆ ಎಣಿಸುತ್ತಾರೆ. ಅಧಿಕಾರಿ ಕಾಗದ ನೋಡಿ, "ಹತ್ತೇ ದಿನದಲ್ಲಿ ಇಷ್ಟು ಹೆಚ್ಚಾಯ್ತಾ?" ಎಂದು ಗಾಬರಿಯಾದರು. ಮೊದಲೂ ಇಷ್ಟೇ ಇತ್ತು, ಈಗ ಎಣಿಕೆಗೆ ಸಿಕ್ಕಿದೆ, ಸಿಗದ್ದು ಇನ್ನೂ ಇರಬಹುದು ಎಂದು ವಿವರಿಸಿದೆ. ಏಳನೇ ತರಗತಿಗೆ ಪಾಠ ಹೇಳಿದ ಹಾಗಾಯಿತು.

ಒಂದು ಸಂಗತಿಯನ್ನು ಅವರಿಗೆ ಹೇಳಲಿಲ್ಲ. ನಾನೂ ಈ ವಾರ್ಡಿನವಳೇ. ಮೊದಲ ಸುತ್ತಿನಲ್ಲಿ ನನ್ನ ಫಾರ್ಮನ್ನು ಮನೆಯಲ್ಲಿ ಒಬ್ಬಳೇ ಕೂತು ತುಂಬಿದ್ದೆ. ಜಗಲಿಯಲ್ಲಿ ಯಾರೂ ಇರಲಿಲ್ಲ. ಆದರೂ 'ಇಲ್ಲ' ಎಂದೇ ಬರೆದಿದ್ದೆ. ಹದಿನಾಲ್ಕನೇ ವಯಸ್ಸಿನಲ್ಲಿ ನಡೆದದ್ದು ಮರೆತುಹೋಗಿತ್ತೆಂದಲ್ಲ. ಕೊನೆಯ ದಿನ ಡಬ್ಬ ಮುಚ್ಚುವ ಮೊದಲು ನಾನೂ ಒಂದು ಚೀಟಿ ಮಡಚಿ ಹಾಕಿದೆ.

ಈಗ ಪ್ರತಿ ಬುಧವಾರ ಕೌನ್ಸೆಲರ್ ಬರುತ್ತಾರೆ. ಬಸ್ ಸ್ಟಾಪಿನಲ್ಲಿ ಸಿಕ್ಕಿದ ಆ ಹುಡುಗಿ ಮೊದಲ ವಾರವೇ ಹೋದಳು. ಅವಳು ಹೊರಗೆ ಬರುವವರೆಗೆ ಬೆಂಚಿನಲ್ಲಿ ಕೂತಿದ್ದೆ. ಅವಳ ನಂತರದ ಸರದಿ ನನ್ನದಾಗಿತ್ತು.